ಹಾಡು ಉಳಿದಿದೆ, ಹಾಡಿದ ಕೋಣೆ ಎಲ್ಲಿ?

ಲಿವರ್‌ಪೂಲ್‌ಗೆ ಹೋದವರು ಮ್ಯಾಥ್ಯೂ ಸ್ಟ್ರೀಟಿನ ಕ್ಯಾವರ್ನ್ ಕ್ಲಬ್ಬಿಗೆ ಇಳಿದು ಒಂದು ಸೆಲ್ಫಿಯಾದರೂ ತೆಗೆದುಕೊಳ್ಳದೆ ಬರೋದಿಲ್ಲ. ಬೀಟಲ್ಸ್ ಸುಮಾರು 290 ಸಲ ನುಡಿಸಿದ ನೆಲಮಾಳಿಗೆ. ಆದರೆ ಇವತ್ತು ಅಲ್ಲಿ ನೋಡೋದು ಅದನ್ನಲ್ಲ. 1973ರಲ್ಲಿ ಸುರಂಗ ರೈಲಿಗೆ ಗಾಳಿಕಿಂಡಿ ಬೇಕು ಅಂತ ಕ್ಲಬ್ ಮುಚ್ಚಿಸಿ, ಮೇಲಿನ ಕಟ್ಟಡ ಕೆಡವಿದರು. ಗಾಳಿಕಿಂಡಿ ಬರಲೇ ಇಲ್ಲ! 1984ರಲ್ಲಿ ಹಳೆಯ ಇಟ್ಟಿಗೆಗಳನ್ನೇ ಒಂದಿಷ್ಟು ಬಳಸಿ ಮತ್ತೆ ಕಟ್ಟಿದರು.

ಬ್ರಿಟನ್ ಪಾಠ ಕಲಿತಿದ್ದು ಹಾಗೆ, ತಪ್ಪು ಮಾಡಿ. 2010ರಲ್ಲಿ ಲಂಡನ್ನಿನ ಅಬೇ ರೋಡ್ ಸ್ಟುಡಿಯೋ ಮಾರಾಟದ ಸುದ್ದಿ ಹಬ್ಬುತ್ತಿದ್ದಂತೆ ಸರ್ಕಾರ ಅದನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಎದುರಿನ ಜೀಬ್ರಾ ಕ್ರಾಸಿಂಗೂ ಪಟ್ಟಿ ಸೇರಿತು. ರಸ್ತೆ ಮೇಲಿನ ಬಿಳಿ ಪಟ್ಟೆಗೂ ಕಾನೂನಿನ ಕಾವಲು.

ಈಗ ಚೆನ್ನೈಗೆ ಬನ್ನಿ. ಪ್ರಸಾದ್ ಸ್ಟುಡಿಯೋದಲ್ಲಿ ಇಳಯರಾಜ 40 ವರ್ಷ ಕೆಲಸ ಮಾಡಿದ ರೆಕಾರ್ಡಿಂಗ್ ಥಿಯೇಟರ್ ಇತ್ತು. ಜಾಗದ ಜಗಳ ಹೈಕೋರ್ಟಿಗೆ ಹೋಯಿತು. 2020ರ ಡಿಸೆಂಬರ್‌ನಲ್ಲಿ ಕೊನೆಗೆ ಸಿಕ್ಕಿದ್ದು ಒಂದೇ ಒಂದು ದಿನ: ಧ್ಯಾನ ಮಾಡಿ, ಸಾಮಾನು ತೆಗೆದುಕೊಂಡು ಹೊರಡೋಕೆ. ಅವರು ಅದಕ್ಕೂ ಹೋಗಲಿಲ್ಲ. ಮುಂದಿನ ವರ್ಷ ಕೋಡಂಬಾಕ್ಕಂನಲ್ಲಿ ತಮ್ಮದೇ ಸ್ಟುಡಿಯೋ ತೆರೆದರು.

ಮಾಲೀಕರನ್ನು ವಿಲನ್ ಮಾಡೋದು ಸುಲಭ. ಆಸ್ತಿ ಅವರದ್ದು, ಹಕ್ಕೂ ಅವರದ್ದೇ. ಕಟ್ಟಡಕ್ಕೂ ಒಂದು ಹಕ್ಕಿದೆ ಅಂತ ಹೇಳೋ ಕಾನೂನು ನಮ್ಮಲ್ಲಿಲ್ಲ ಅನ್ನೋದೇ ಸಮಸ್ಯೆ. 1958ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರಾಚೀನ ಸ್ಮಾರಕ ಅನ್ನಿಸಿಕೊಳ್ಳಲು ಕನಿಷ್ಠ 100 ವರ್ಷ ಆಗಿರಬೇಕು. ಬ್ರಿಟನ್ನಿನಲ್ಲಿ 30 ವರ್ಷ ದಾಟಿದ ಕಟ್ಟಡವನ್ನೂ ಪರಿಗಣಿಸುತ್ತಾರೆ. ನಮ್ಮ ಸಿನಿಮಾ ಸಂಗೀತಕ್ಕೇ ಇನ್ನೂ ನೂರು ತುಂಬಿಲ್ಲ. ಅಂದರೆ ಕಾನೂನು ಕಣ್ಣು ಬಿಡೋ ಹೊತ್ತಿಗೆ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿರುತ್ತೆ.

ಇದು ತಮಿಳರ ತಲೆನೋವು ಅಂದುಕೊಳ್ಳಬೇಡಿ. ರಾಜ್‌ಕುಮಾರ್ ಸಿನಿಮಾಗಳ ಹಾಡುಗಳು, ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಹಾಡಿದ್ದು, ದಶಕಗಳ ಕಾಲ ಹೆಚ್ಚಾಗಿ ಮುದ್ರಣವಾಗಿದ್ದು ಮದ್ರಾಸಿನಲ್ಲೇ. ಇಳಯರಾಜ ಪಳಗಿದ್ದೂ ನಮ್ಮ ಜಿ.ಕೆ. ವೆಂಕಟೇಶ್ ಅವರ ತಂಡದಲ್ಲಿ. ಕನ್ನಡಿಗರ ಕಿವಿಯ ಅರ್ಧ ಇತಿಹಾಸ ಪಕ್ಕದ ರಾಜ್ಯದ ಖಾಸಗಿ ಜಾಗಗಳಲ್ಲಿದೆ.

ಇಲ್ಲಿಯ ಕಥೆಯೇನು ಬೇರೆಯೇ? 2025ರ ಆಗಸ್ಟ್‌ನಲ್ಲಿ ಅಭಿಮಾನ್ ಸ್ಟುಡಿಯೋದಲ್ಲಿದ್ದ ವಿಷ್ಣುವರ್ಧನ್ ಸಮಾಧಿ ರಾತ್ರೋರಾತ್ರಿ ನೆಲಸಮವಾಯಿತು. ಮರು ತಿಂಗಳೇ ಸರ್ಕಾರ ಅವರಿಗೆ ಮರಣೋತ್ತರ ಕರ್ನಾಟಕ ರತ್ನ ಘೋಷಿಸಿತು. ಬಿರುದು ಕೊಡೋದು ಸಲೀಸು, ಅದಕ್ಕೆ ಸರ್ವೆ ನಂಬರ್ ಬೇಕಿಲ್ಲವಲ್ಲ.

ದೊಡ್ಡ ಮ್ಯೂಸಿಯಂ ಯಾರೂ ಕೇಳ್ತಿಲ್ಲ. ಯಾವ ಹಾಡು ಯಾವ ಸ್ಟುಡಿಯೋದಲ್ಲಿ, ಯಾರ ವಾದ್ಯದೊಂದಿಗೆ ಮುದ್ರಣವಾಯಿತು ಅನ್ನೋ ಒಂದು ಪಟ್ಟಿ, ಬಾಗಿಲ ಬಳಿ ಒಂದು ಫಲಕ. ಚಲನಚಿತ್ರ ಅಕಾಡೆಮಿಗೆ ಇದು ಈ ವರ್ಷವೇ ಆಗುವ ಕೆಲಸ. ಆ ಕಾಲದಲ್ಲಿ ಪಿಟೀಲು, ತಬಲ ನುಡಿಸಿದವರಲ್ಲಿ ಕೆಲವರು ಇನ್ನೂ ಇದ್ದಾರೆ, ವಯಸ್ಸಾಗಿದೆ. ಮೊದಲು ಅವರನ್ನು ಕೇಳಬೇಕು.