ಗುರಿಯ ಮೇಲೆ ಕಣ್ಣು, ಕಿವಿಗೆ ಕಾವಲು

ಗುರಿ ಹೊಡೆಯುವ ವಿದ್ಯೆಯಲ್ಲಿ ಕಣ್ಣಿಗೂ ಕೈಗೂ ಸಲ್ಲುವ ಮರ್ಯಾದೆ ಕಿವಿಗೆ ಸಲ್ಲುವುದಿಲ್ಲ. ಕಣ್ಣು ಮಂಜಾದರೆ ಗುರಿ ತಪ್ಪುತ್ತದೆ. ಕೈ ನಡುಗಿದರೆ ಗುಂಡು ಎತ್ತಲೋ ಹೋಗುತ್ತದೆ. ಕಿವಿ ಮಂದವಾದರೆ ಗುರಿಗೆ ಒಡನೆಯೇ ಏನೂ ಆಗದು. ಆದುದರಿಂದಲೇ ಕಿವಿಯ ಯೋಚನೆ ಎಲ್ಲಕ್ಕಿಂತ ಕೊನೆಗೆ, ಅದೂ ಹಾನಿಯಾದ ಮೇಲೆ, ಬರುತ್ತದೆ. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

2008ರ ಬೀಜಿಂಗ್ ಒಲಿಂಪಿಕ್ ಕೂಟದಲ್ಲಿ ಅಭಿನವ್ ಬಿಂದ್ರಾ ಅವರು 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸಿನಲ್ಲಿ ಸ್ವಪ್ನಿಲ್ ಕುಸಾಳೆ ಅವರು 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚು ಪಡೆದರು. ಎರಡೂ ರೈಫಲ್ಲೇ ಆದರೂ ಕಿವಿಯ ಪಾಲಿಗೆ ಅವು ಒಂದೇ ಅಲ್ಲ. ಮೊದಲನೆಯದರಲ್ಲಿ ಗುಂಡನ್ನು ನೂಕುವುದು ಒತ್ತಿದ ಗಾಳಿ. ಎರಡನೆಯದರಲ್ಲಿ ಸಿಡಿಯುವ ಮದ್ದು. ಏರ್ ರೈಫಲ್ ಹಿಡಿದು ಕಲಿಯತೊಡಗಿದ ಮಗ ಅಥವಾ ಮಗಳು ಮುಂದೆ .22 ರೈಫಲ್ಲನ್ನು ಎತ್ತಿಕೊಂಡ ದಿನ, ತಾಯಿತಂದೆಗಳು ಕಿವಿಯ ವಿಚಾರವನ್ನು ಹೊಸದಾಗಿ ಯೋಚಿಸಬೇಕು. ಎನ್.ಸಿ.ಸಿ. ಶಿಬಿರದಲ್ಲಿ ಗುಂಡು ಹಾರಿಸುವ ಕಾಲೇಜು ಹುಡುಗರಿಗೂ, ಕೈಲುಮುಹೂರ್ತದ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಕೊಡಗಿನವರಿಗೂ, ಸುತ್ತ ನಿಂತು ನೋಡುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಇಬ್ಬರು ಕುಳಿತು ಮಾತನಾಡುವ ಸದ್ದು ಸುಮಾರು 60 ಡೆಸಿಬೆಲ್. .22 ರೈಫಲ್ಲಿನ ಸಿಡಿತ 140ರ ಆಸುಪಾಸಿಗೆ ಏರುತ್ತದೆ. ಹನ್ನೆರಡು ಬೋರಿನ ಕೋವಿಯದು 150ನ್ನು ದಾಟುತ್ತದೆ. ಡೆಸಿಬೆಲ್ಲಿನ ಲೆಕ್ಕದಲ್ಲಿ ಹತ್ತು ಹೆಚ್ಚಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಇಪ್ಪತ್ತು ಹೆಚ್ಚಿದರೆ ನೂರು ಪಟ್ಟು. ಇಂಥ ಹಠಾತ್ ಸಿಡಿತಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಮೇರೆ ದೊಡ್ಡವರಿಗೆ 140, ಮಕ್ಕಳಿಗೆ 120. ಅಂದಮೇಲೆ ಬರಿಗಿವಿಯಲ್ಲಿ ಹಾರಿಸಬಹುದಾದ ಮದ್ದಿನ ಕೋವಿ ಇಲ್ಲವೆಂದೇ ತಿಳಿಯಬೇಕು.

ಒಳಗಿವಿಯಲ್ಲಿ ಶಂಖದಂತೆ ಸುರುಳಿಯಾಗಿರುವ ಒಂದು ಅಂಗವುಂಟು. ಅದರೊಳಗೆ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಶಬ್ದವನ್ನು ನರಕ್ಕೆ ಒಪ್ಪಿಸುವ ಕೆಲಸ ಇವುಗಳದು. ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಸಿಡಿತದ ಪೆಟ್ಟು ಮೊದಲು ಬೀಳುವುದು ಏರುಸ್ವರಗಳನ್ನು ಹಿಡಿಯುವ ಕೋಶಗಳ ಮೇಲೆ. ಆಗ ಮಾತು ಕೇಳಿಸುತ್ತದೆ, ಆದರೆ ಬಿಡಿಯಾಗಿ ತಿಳಿಯುವುದಿಲ್ಲ. ಸಕಾರ ಶಕಾರಗಳು ಜಾರಿಹೋಗುತ್ತವೆ. ಬಲ ಹೆಗಲಿಗೆ ಕೋವಿ ಆನಿಸುವವನ ಎಡಗಿವಿ ನಳಿಗೆಯ ಬಾಯಿಗೆ ಹತ್ತಿರವಾಗಿರುವುದರಿಂದ ಹೆಚ್ಚಿನ ಪೆಟ್ಟು ಅದಕ್ಕೇ. ಹಾರಿಸಿದ ಮೇಲೆ ಕಿವಿಯಲ್ಲಿ ಕುಂಯ್ ಎಂಬ ನಾದ ಉಳಿದರೆ ಅದು ಗುರಿಕಾರನ ಹೆಮ್ಮೆಯ ಗುರುತಲ್ಲ. ಒಳಗೆ ಏಟು ಬಿದ್ದಿದೆಯೆಂಬ ಸೂಚನೆ.

ಕಾಪಾಡುವ ಸಾಧನಗಳು ಮುಖ್ಯವಾಗಿ ಎರಡು ಬಗೆಯವು. ಕಿವಿಯ ನಾಳದೊಳಗೆ ಸೇರುವ ಬಿರಡೆ ಒಂದು. ಕಿವಿಯನ್ನೇ ಬಟ್ಟಲಿನಂತೆ ಮುಚ್ಚುವ ಮಫ್ ಇನ್ನೊಂದು. ಹತ್ತಿಯ ಉಂಡೆಯನ್ನು ಈ ಸಾಲಿಗೆ ಸೇರಿಸಲಾಗದು. ಅದು ತಂಗಾಳಿಯನ್ನು ತಡೆದೀತು, ಸಿಡಿತವನ್ನು ತಡೆಯದು.

ಕೊಳ್ಳಹೋದವರ ಕಣ್ಣು ಪೊಟ್ಟಣದ ಮೇಲಿನ ಅಂಕಿಗೆ ಮೊದಲು ಬೀಳುತ್ತದೆ. ಅಂಕಿ ದೊಡ್ಡದಾದಷ್ಟೂ ರಕ್ಷಣೆ ಹೆಚ್ಚೆಂದು ತೋರುವುದು ಸಹಜ. ಆದರೆ ಆ ಅಂಕಿ ಪ್ರಯೋಗಶಾಲೆಯಲ್ಲಿ, ಸರಿಯಾಗಿ ತೊಡಿಸಿದ ಕಿವಿಯಲ್ಲಿ ದೊರೆತದ್ದು. ಅಮೆರಿಕದ ನಯೋಷ್ ಸಂಸ್ಥೆ 1998ರಲ್ಲಿ ಇದಕ್ಕೊಂದು ವಟ್ಟದ ಲೆಕ್ಕವನ್ನು ಸೂಚಿಸಿತು: ಮಫ್ಫಿನ ಅಂಕಿಯಲ್ಲಿ ಕಾಲುಭಾಗವನ್ನೂ, ಹಿಚುಕಿ ತೂರಿಸುವ ಮೆತ್ತನೆಯ ಬಿರಡೆಯ ಅಂಕಿಯಲ್ಲಿ ಅರ್ಧವನ್ನೂ ಕಳೆಯಬೇಕು. ಹಾಗೆ ನೋಡಿದರೆ 30 ಎಂದು ಬರೆದ ಬಿರಡೆ 15ಕ್ಕೂ, 24 ಎಂದು ಬರೆದ ಮಫ್ 18ಕ್ಕೂ ಇಳಿಯುತ್ತವೆ. ದೊಡ್ಡ ಅಂಕಿಯದೇ ಹಿಂದೆ ಬಿದ್ದಿತು! ಅಂಕಿಗಿಂತ ಹೊಂದಿಕೆ ಮುಖ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬಿರಡೆಯನ್ನು ತೊಡುವುದಕ್ಕೂ ಕ್ರಮವುಂಟು. ಶುಚಿಯಾದ ಬೆರಳುಗಳಿಂದ ಅದನ್ನು ಬತ್ತಿಯಂತೆ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ನಾಳದೊಳಕ್ಕೆ ತೂರಿಸಿ, ಅದು ಉಬ್ಬಿ ನಿಲ್ಲುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತಿದ್ದರೆ ತನ್ನ ದನಿ ತನಗೇ ಕೊಡದೊಳಗಿನಿಂದ ಬಂದಂತೆ ಕೇಳುತ್ತದೆ. ಅರ್ಧ ಹೊರಗೆ ಉಳಿದ ಬಿರಡೆ ಇದ್ದೂ ಇಲ್ಲದ ಹಾಗೆ. ಕಿವಿ ಸೋರುವವರು, ತಮಟೆ ಹರಿದವರು ವೈದ್ಯರನ್ನು ಕೇಳದೆ ಬಿರಡೆ ಬಳಸಕೂಡದು.

ಮಫ್ ತೊಡುವುದು ಸುಲಭ. ಎಳೆಯರಿಗೆ ಅದೇ ಮೇಲು. ಆದರೆ ಅದರ ಮೆತ್ತೆ ಕಿವಿಯ ಸುತ್ತ ಎಲ್ಲಿಯೂ ಸಂದಿಲ್ಲದೆ ಕೂರಬೇಕು. ಕನ್ನಡಕದ ದಪ್ಪ ಕಡ್ಡಿ, ಜುಮಕಿ, ಓಲೆ, ಕಿವಿಯ ಮೇಲೆ ಇಳಿದ ಕೂದಲು, ಟೊಪ್ಪಿಗೆಯ ಅಂಚು ಇವುಗಳಲ್ಲಿ ಒಂದು ನಡುವೆ ಸಿಕ್ಕಿದರೂ ಸದ್ದಿಗೆ ದಾರಿಯಾಗುತ್ತದೆ. ಕನ್ನಡಕ ಬಿಡಲಾಗದವರು ತೆಳುವಾದ ಕಡ್ಡಿಯದನ್ನು ಆರಿಸಿಕೊಳ್ಳಬೇಕು, ಇಲ್ಲವೇ ಬಿರಡೆ ಬಳಸಬೇಕು. ರೈಫಲ್ಲಿನವರಿಗೆ ಇನ್ನೊಂದು ತೊಡಕು: ಕೆನ್ನೆಯನ್ನು ಕೋವಿಯ ಹಿಡಿಗೆ ಆನಿಸುವಾಗ ದಪ್ಪ ಬಟ್ಟಲು ಹಿಡಿಗೆ ತಗುಲಿ ಮೇಲೇಳುತ್ತದೆ. ಅವರಿಗೆ ಕೆಳಭಾಗ ತೆಳುವಾಗಿರುವ ಬಟ್ಟಲು ಒಪ್ಪುತ್ತದೆ. ಪಿಸ್ತೂಲಿನವರಿಗೆ ಈ ತೊಂದರೆಯಿಲ್ಲ. ಆದುದರಿಂದ ಅಂಗಡಿಯಲ್ಲಿ ಸುಮ್ಮನೆ ನಿಂತು ತೊಟ್ಟು ನೋಡಿದರೆ ಸಾಲದು. ಕನ್ನಡಕ ಧರಿಸಿ, ಗುರಿಯಿಡುವ ಭಂಗಿಯಲ್ಲೇ ಕೆನ್ನೆ ಬಾಗಿಸಿ ನೋಡಬೇಕು. ಬೆವರಿನಿಂದ ಮೆತ್ತೆ ಗಟ್ಟಿಯಾಗಿ ಬಿರಿದರೆ ಬದಲಾಯಿಸಬೇಕು.

ವಿದ್ಯುತ್ ಕೋಶ ಹಾಕಿದ ಮಫ್ಫುಗಳು ಶಿಕ್ಷಕನ ಮಾತನ್ನು ಒಳಬಿಟ್ಟು ಸಿಡಿತವನ್ನು ತಡೆಯುತ್ತವೆ. ಕಲಿಯುವಾಗ ಅವು ಅನುಕೂಲ. ಆದರೆ ಅಂತರರಾಷ್ಟ್ರೀಯ ಪಂದ್ಯಗಳ ನಿಯಮದಂತೆ ಧ್ವನಿಗ್ರಾಹಕವುಳ್ಳ ಸಾಧನ ಸ್ಪರ್ಧಿಗೆ ಸಲ್ಲದು. ಮುಚ್ಚಿದ ಕೋಣೆಯಲ್ಲಿ ಗೋಡೆಗಳು ಸದ್ದನ್ನು ಮರಳಿಸುತ್ತವೆ. ಅಲ್ಲಿಯೂ, ದೊಡ್ಡ ಕೋವಿಗಳ ಬಳಿಯೂ ಬಿರಡೆಯ ಮೇಲೆ ಮಫ್ ತೊಡುವುದು ಉಚಿತ. ಎರಡರ ಅಂಕಿಯನ್ನು ಕೂಡಿಸಿ ಹಿಗ್ಗಬಾರದು. ಒಂದರ ಜೊತೆಗೆ ಇನ್ನೊಂದು ಸೇರಿದರೆ ಹೆಚ್ಚುವುದು ಸುಮಾರು ಐದು ಡೆಸಿಬೆಲ್ ಮಾತ್ರ. ಆದರೆ ಒಂದು ಸಡಿಲವಾದಾಗ ಇನ್ನೊಂದು ಕಾಯುತ್ತದೆ.

ಇಷ್ಟೆಲ್ಲ ಆರಿಸಿ ತಂದ ಸಾಧನ ಮೊದಲ ಗುಂಡಿಗೆ ಮುಂಚೆಯೇ ಕಿವಿಯಲ್ಲಿರಬೇಕು. ‘ಒಂದೇ ಒಂದು ಸುತ್ತು’ ಎಂದು ಬರಿಗಿವಿಯಲ್ಲಿ ನಿಂತವನಿಗೆ ಆ ಒಂದೇ ಸಾಕಾದೀತು. ತಾನು ಮುಗಿಸಿದೆನೆಂದು ಮಫ್ ಕಳಚಿದರೆ ಪಕ್ಕದವನ ಕೋವಿ ಸುಮ್ಮನಿರುವುದಿಲ್ಲ. ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆ ಮಾಡಿಸಿದರೆ, ಮನೆಯವರ ಗಮನಕ್ಕೆ ಬಾರದ ನಷ್ಟವೂ ಮೊದಲೇ ತಿಳಿಯುತ್ತದೆ.

ಗೆದ್ದ ಪದಕ ಗಾಜಿನ ಬೀರುವಿನಲ್ಲಿ ಬಹುಕಾಲ ಹೊಳೆಯಬಹುದು. ಮುಂದೊಂದು ದಿನ ಮೊಮ್ಮಗಳು ಅದನ್ನು ಬೆರಳಿಟ್ಟು ತೋರಿಸಿ, ‘ತಾತ, ಇದು ಹೇಗೆ ಬಂತು?’ ಎಂದು ಕೇಳಿದಾಗ ಆ ಪ್ರಶ್ನೆ ತಾತನಿಗೆ ಕೇಳಿಸಬೇಕು. ಬಿರಡೆಯೊಂದರ ಬೆಲೆಯನ್ನು ಎಣಿಸುವವರು ಇದನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.