ಹತ್ತು ನಂಬರಿನ ಪಾನಾ ಮತ್ತು ನಮ್ಮಕ್ಕ

ಬಹಳ ದಿನ ಆಗಿತ್ತು ಇಲ್ಲಿ ಏನಾದರೂ ಬರೆದು. ಇವತ್ತು ಬರೀತಿರೋದು ಸಿಟ್ಟಿನಿಂದ. ಸ್ವಲ್ಪ ಉದ್ದ ಆಯ್ತು, ಸಹಿಸಿಕೊಳ್ಳಿ.

ಮೊನ್ನೆ ವಿಜಯಪುರದಿಂದ ತಿಕೋಟಾ ದಾಟಿ ಅಕ್ಕನ ತೋಟದ ವಸ್ತಿಗೆ ಹೋಗಿದ್ದೆ. ರಾತ್ರಿ ಹನ್ನೆರಡಕ್ಕೆ ಮೊಬೈಲಿನ ಅಲಾರಾಂ ಹೊಡೀತು. ಅಕ್ಕ ಎದ್ದು ಕೈ ತೊಳೆದು ಟಾರ್ಚನ್ನು ನನ್ನ ಕೈಗಿಟ್ಟಳು. ಮಗನ ಕಾಲ ಹತ್ತಿರ ಕೂತು, ಹತ್ತು ನಂಬರಿನ ಪಾನಾ ಹಿಡಿದು ನಟ್ಟು ತಿರುಗಿಸತೊಡಗಿದಳು. ನಾಲ್ಕು ನಟ್ಟು, ಒಂದೊಂದೂ ಕಾಲು ಸುತ್ತು. "ಯಾ ಕಡೆ ತಿರುವಬೇಕು ಅನ್ನೂದ ಮೊದಲ ತಿಳೀಲಿಲ್ಲೋ ತಮ್ಮಾ, ಅಂಜಿಕೀನ ಬಂದಿತ್ತು" ಅಂದಳು. ಅಕ್ಕ ಓದಿದ್ದು ನಾಲ್ಕನೇ ಇಯತ್ತೆ.

ಅಳಿಯನಿಗೆ ಹತ್ತೊಂಬತ್ತು ವರ್ಷ. ಚಿಕ್ಕಂದಿನಲ್ಲಿ ಮೊಣಕಾಲ ಹತ್ತಿರ ಎಲುಬಿಗೆ ಕೀವಾಗಿ, ಎಲುಬು ಬೆಳೆಯುವ ಜಾಗವೇ ಕೆಟ್ಟು, ಬಲಗಾಲು 4 ಸೆಂ.ಮೀ. ಗಿಡ್ಡ ಉಳಿಯಿತು. ಎತ್ತರ ಆಗೋ ಶೋಕಿ ಅಲ್ಲ ಇದು. 2016ರಲ್ಲಿ ಹೈದರಾಬಾದಿನ ಹುಡುಗನೊಬ್ಬ ಮನೆಯವರಿಗೂ ಹೇಳದೆ ಎತ್ತರಕ್ಕಾಗಿ ಕಾಲಿನ ಆಪರೇಷನ್ ಮಾಡಿಸಿಕೊಂಡದ್ದು ದೊಡ್ಡ ಸುದ್ದಿಯಾಗಿತ್ತಲ್ಲ, ನಮ್ಮ ಹುಡುಗನ ವಿಷಯ ಹೇಳಿದರೂ ಜನಕ್ಕೆ ನೆನಪಾಗೋದು ಅದೇ. ಇವನಿಗೆ ಬೇಕಾಗಿದ್ದು ಕುಂಟದೆ ನಡೆಯೋದು, ಅಷ್ಟೇ.

ಎಲುಬನ್ನು ಕತ್ತರಿಸಿ, ಕಾಲ ಸುತ್ತ ಉಕ್ಕಿನ ಉಂಗುರ ಹಾಕಿ, ಎಲುಬಿನೊಳಗಿಂದ ತಂತಿ ಹಾಯಿಸಿ ಬಿಗಿಯುತ್ತಾರೆ. ಐದಾರು ದಿನ ಬಿಟ್ಟು ದಿನಕ್ಕೆ 1 ಮಿ.ಮೀ. ಎಳೆಯಬೇಕು. ಅದೂ ಒಂದೇ ಸಲ ಅಲ್ಲ, ನಾಲ್ಕು ಸಲಕ್ಕೆ 0.25 ಮಿ.ಮೀ. ಹಾಗೆ. ಆ ಸಂದಿಯಲ್ಲಿ ಹೊಸ ಎಲುಬು ಹುಟ್ಟುತ್ತೆ. ಅವಸರ ಮಾಡಿದರೆ ಅದು ಸರಿಯಾಗಿ ಹುಟ್ಟೋದಿಲ್ಲ, ತಡ ಮಾಡಿದರೆ ಮೊದಲೇ ಕೂಡಿಕೊಂಡು ಮತ್ತೆ ಕತ್ತರಿಸೋ ಪಾಳಿ ಬರುತ್ತೆ. 4 ಸೆಂ.ಮೀ.ಗೆ 40 ದಿನ ತಿರುಗಿಸೋದು, ಆಮೇಲೆ ಅದು ಗಟ್ಟಿಯಾಗೋವರೆಗೆ ತಿಂಗಳುಗಟ್ಟಲೆ ಉಂಗುರ ಕಾಲಲ್ಲೇ. ಆಪರೇಷನ್ ಕೆಲವು ಗಂಟೆಯದು. ಉಳಿದದ್ದೆಲ್ಲ ನಡೆಯೋದು ಮನೆಯಲ್ಲಿ!

ಈ ಪದ್ಧತಿ ಕಂಡುಹಿಡಿದವರು ಸೈಬೀರಿಯಾದ ಕುರ್ಗಾನ್ ಎಂಬ ಊರಿನ ಡಾಕ್ಟರ್ ಗಾವ್ರಿಲ್ ಇಲಿಜಾರೋವ್, 1950ರ ದಶಕದಲ್ಲಿ. ರೋಗಿಯೊಬ್ಬ ನಟ್ಟನ್ನು ಉಲ್ಟಾ ತಿರುಗಿಸಿದ್ದರಿಂದಲೇ ಎಲುಬು ಹೀಗೆ ಬೆಳೆಯುತ್ತೆ ಅಂತ ಅವರಿಗೆ ಹೊಳೆಯಿತು ಅನ್ನೋ ಕಥೆಯೂ ಇದೆ. ಬೈಕ್ ಅಪಘಾತದಲ್ಲಿ ಕಾಲು ನುಜ್ಜುಗುಜ್ಜಾಗಿದ್ದ ಒಲಿಂಪಿಕ್ ಹೈಜಂಪ್ ಚಾಂಪಿಯನ್ ವಲೇರಿ ಬ್ರುಮೆಲ್‌ಗೂ ಚಿಕಿತ್ಸೆ ಕೊಟ್ಟವರು ಇವರೇ. ಆದರೆ ಕುರ್ಗಾನಿನಲ್ಲಿ ರೋಗಿಗಳು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲೇ ಇರುತ್ತಿದ್ದರು. ವ್ಯಾಯಾಮ, ಡ್ರೆಸಿಂಗ್ ಎಲ್ಲಾ ಅಲ್ಲೇ. ನಾವು ಉಂಗುರ ತಂದುಕೊಂಡೆವು, ಹಾಸಿಗೆ ಅಲ್ಲೇ ಬಿಟ್ಟು ಬಂದೆವು.

ನಮ್ಮ ಹುಡುಗನನ್ನು ಹತ್ತನೇ ದಿನ ಮನೆಗೆ ಕಳಿಸಿದರು. ಯಾವ ಆಸ್ಪತ್ರೆ ಅಂತ ಕೇಳಬೇಡಿ, ಬೇರೆ ಜಿಲ್ಲೆಯದು. ಆಪರೇಷನ್ ಚೆನ್ನಾಗೇ ಮಾಡಿದ್ದಾರೆ, ಅದಕ್ಕೆ ಕೈ ಮುಗೀತೀನಿ. ಚೀಟಿಯಲ್ಲಿ ಮಾತ್ರ ಇಂಗ್ಲಿಷಿನ ಮೂರು ಸಾಲು: ತಂತಿ ಸ್ವಚ್ಛ ಇಡಿ, ವ್ಯಾಯಾಮ ಮಾಡಿ, ಎರಡು ವಾರಕ್ಕೆ ಬನ್ನಿ. ಆಯುಷ್ಮಾನ್ ಕಾರ್ಡಿನ ನಿಯಮದಲ್ಲಿ ಡಿಸ್ಚಾರ್ಜ್ ಆದಮೇಲಿನ ಖರ್ಚು ನೋಡಿಕೊಳ್ಳೋದು 15 ದಿನ. ಉಂಗುರ ಇರೋದು ಆರು ತಿಂಗಳು!

ಆ ಮೂರು ಸಾಲಿನಲ್ಲಿ ಇಲ್ಲದ್ದು ಏನೇನು ಗೊತ್ತಾ? ನೋವಿಗೆ ಹಾಯೆನಿಸುತ್ತೆ ಅಂತ ಅಕ್ಕ ಮೊಣಕಾಲ ಕೆಳಗೆ ತಲೆದಿಂಬು ಇಡ್ತಿದ್ದಳು. ಪ್ರೀತಿಯಿಂದಲೇ. ಹಾಗೆ ಇಟ್ಟರೆ ಮೊಣಕಾಲು ಮಡಚಿದಂತೆಯೇ ಬಿಗಿದುಕೊಳ್ಳುತ್ತೆ ಅಂತ ಯಾರೂ ಹೇಳಿರಲಿಲ್ಲ. ಪಾದ ಕೆಳಗೆ ಜೋತು ಬೀಳದಂತೆ ಪಟ್ಟಿ ಕಟ್ಟಬೇಕು ಅಂತಲೂ ಇಲ್ಲ. ತಂತಿಯ ಬುಡಕ್ಕೆ ಅತ್ತೆಯವರು ಅರಿಶಿನ ಹಚ್ಚೋಕೆ ಹೊರಟಿದ್ದರು, ಪುಣ್ಯಕ್ಕೆ ಹುಡುಗನೇ ಬ್ಯಾಡ ಅಂದ. ಅವನು ಗುಟ್ಕಾ ತಿನ್ನೋದು ಬಿಡಬೇಕು, ನಿಕೋಟಿನ್‌ನಿಂದ ಎಲುಬು ಕೂಡೋದು ತಡ ಆಗುತ್ತೆ ಅಂತಲೂ ಯಾರೂ ಗದರಿಸಲಿಲ್ಲ. ಉಂಗುರ ಹಾಕಿದ ಕಾಲಲ್ಲಿ ಸಂಡಾಸಿಗೆ ಕೂರೋದು ಹೇಗೆ? ಭಾವ ಕುರ್ಚಿಯ ನಡುವೆ ತೂತು ಕೊರೆದು ಕೊಟ್ಟರು.

ತೋರಿಸೋಕೆ ಹೋಗೋದು ಇನ್ನೊಂದು ಕಥೆ. ಶಕ್ತಿ ಯೋಜನೆಯಲ್ಲಿ ಅಕ್ಕನಿಗೆ ಬಸ್ಸು ಪುಕ್ಕಟೆ. ಆದರೆ ಉಂಗುರದ ಕಾಲು ಬಸ್ಸಿನ ಸೀಟಿನ ಸಂದಿಯಲ್ಲಿ ಹಿಡಿಸೋದಿಲ್ಲ. ಹಾಗಾಗಿ ಪ್ರತಿ ಸಲ ಟಂಟಂ ಬಾಡಿಗೆ, ಮೇಲೆ ಬೇರೆಯವರ ದ್ರಾಕ್ಷಿ ಪಡದಲ್ಲಿನ ಅಕ್ಕನ ಅವತ್ತಿನ ಕೂಲಿಯೂ ಹೋಯಿತು. ವಿಜಯಪುರದಿಂದ ಮನೆಗೆ ನರ್ಸ್ ಕಳಿಸುವವರಿಗೆ ಫೋನ್ ಮಾಡಿದೆ. ಸಿಟಿಯೊಳಗಾದರೆ ಸರಿ, ವಸ್ತಿಗೆ ಬರೋದಿಲ್ಲವಂತೆ. ಬಂದರೂ ಉಂಗುರದ ಕಾಲು ನೋಡಿಕೊಂಡು ಅವರಿಗೆ ರೂಢಿ ಇಲ್ಲವಂತೆ. ಸುಳ್ಳು ಹೇಳಲಿಲ್ಲ, ಅದೊಂದು ಒಳ್ಳೇದು.

ಇದನ್ನೆಲ್ಲಾ ಹೇಳಿದರೆ ತಿಳಿದವರು ಅನ್ನೋದು ಒಂದೇ ಮಾತು: "ಮನೆಯವರು ನೋಡಿಕೊಳ್ತಾರೆ ಬಿಡ್ರಿ." ಸ್ವಾಮಿ, ಮನೆಯವರು ಅಂದರೆ ಯಾರು? ಒಬ್ಬ ಹೆಂಗಸು. ಅವಳ ನಿದ್ದೆ, ಅವಳ ಕೂಲಿ, ಅವಳ ಅಂಜಿಕೆ ಯಾವ ಪ್ಯಾಕೇಜಿನ ಲೆಕ್ಕದಲ್ಲೂ ಇಲ್ಲ. ಕಾಲು ಸೊಟ್ಟಗಾದರೆ ಮಾತ್ರ "ಮನೆಯಲ್ಲಿ ಸರಿಯಾಗಿ ನೋಡಿಕೊಳ್ಳಲಿಲ್ಲ" ಅಂತ ಅವಳ ತಲೆಗೇ!

ಇದು ಆಗದ ಕೆಲಸ ಅಂತ ಮಾತ್ರ ಹೇಳಬೇಡಿ. ಹುಟ್ಟಿದ ಕೂಸನ್ನು ನೋಡೋಕೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಅಂತ ಲೆಕ್ಕ ಇಟ್ಟುಕೊಂಡು ಇದೇ ವಸ್ತಿಗಳಿಗೆ ಬರುತ್ತಾರೆ, ಅದಕ್ಕೆ ಹಣವೂ ಗೊತ್ತಾಗಿದೆ. ಅಳಿಯನ ಕಾಲಲ್ಲಿ ಹುಟ್ಟುತ್ತಿರೋ ಎಲುಬಿಗೆ ಯಾರೂ ಇಲ್ಲ. ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರನ್ನು ಪಿಂಚಣಿ ಅರ್ಜಿ ತುಂಬಿಸೋದರಲ್ಲೇ ಸವೆಸುವ ಬದಲು ಎರಡು ದಿನ ತರಬೇತಿ ಕೊಟ್ಟು ಇಂಥ ಮನೆಗೂ ಕಳಿಸಬಾರದೇ? ವಿಜಯಪುರದಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ, ಎರಡೂ 1980ರ ದಶಕದವು. ವಾರಕ್ಕೊಮ್ಮೆ ಒಬ್ಬ ಫಿಜಿಯೋಥೆರಪಿಸ್ಟ್ ತಿಕೋಟಾದಲ್ಲಿ, ಇನ್ನೊಂದು ದಿನ ಬಬಲೇಶ್ವರದಲ್ಲಿ ಸರ್ಕಾರಿ ದವಾಖಾನೆಗೆ ಬಂದು ಕೂರೋಕೆ ಏನು ಅಡ್ಡಿ? ತಾಲ್ಲೂಕು ಮಾಡಿ ಬೋರ್ಡು ಹಾಕಿದರೆ ಸಾಕೇ? ಕೊನೇಪಕ್ಷ ಆಪರೇಷನ್ ಮಾಡಿದವರು ಚಿತ್ರ ಹಾಕಿದ ಒಂದು ಕನ್ನಡದ ಹಾಳೆ ಕೊಡಲಿ. ನಟ್ಟು ಯಾವ ಕಡೆ ತಿರುಗಿಸಬೇಕು ಅನ್ನೋ ಒಂದು ಬಾಣದ ಗುರುತಾದರೂ ಇರಲಿ. ಅಕ್ಕ ಈಗ ಉಂಗುರದ ಮೇಲೆ ಉಗುರುಬಣ್ಣದಿಂದ ಅದನ್ನು ತಾನೇ ಬರೆದುಕೊಂಡಿದ್ದಾಳೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಉಂಗುರ ಹಾಕಿದ್ದರೆ, ರಾತ್ರಿ ಮಲಗಿಸಿದ್ದು ಹೇಗೆ, ಮೊಣಕಾಲು ನೆಟ್ಟಗೆ ಉಳಿಸಿಕೊಂಡದ್ದು ಹೇಗೆ ಅಂತ ಕೆಳಗೆ ಬರೆಯಿರಿ. ಫೋನಿನಲ್ಲಿ ಅಕ್ಕನಿಗೆ ಓದಿ ಹೇಳ್ತೀನಿ. ಇನ್ನೂ ಹತ್ತೊಂಬತ್ತು ದಿನದ ತಿರುವು ಬಾಕಿ ಇದೆ.