ಮುಚ್ಚಿಟ್ಟ ಬಣ್ಣದ ಪೆಟ್ಟಿಗೆ

ಅಕ್ಟೋಬರ್ 18ರಂದು ಧರ್ಮಸಭೆಯು ಶುಭಸಂದೇಶಕಾರ ಸಂತ ಲೂಕರ ಹಬ್ಬವನ್ನು ಆಚರಿಸುತ್ತದೆ. ಅವರು ವೈದ್ಯರಾಗಿದ್ದರೆಂಬುದಕ್ಕೆ ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಪತ್ರವೇ ಸಾಕ್ಷಿ. ಮಾತೆ ಮರಿಯಮ್ಮನವರ ಚಿತ್ರವನ್ನು ಬರೆದ ಕಲಾವಿದರೂ ಅವರೇ ಎಂಬುದು ಮಾತ್ರ ಶತಮಾನಗಳ ತರುವಾಯ ಬೆಳೆದು ಬಂದ ಪರಂಪರೆಯ ಮಾತು. ಆ ಪರಂಪರೆಯನ್ನು ನಂಬಿಯೇ ಯುರೋಪಿನ ಹಲವು ನಗರಗಳ ಚಿತ್ರಕಾರರ ಸಂಘಗಳು ಅವರ ಹೆಸರನ್ನಿಟ್ಟುಕೊಂಡವು. ಹೀಗೆ ವೈದ್ಯರಿಗೂ ಚಿತ್ರಕಾರರಿಗೂ ಒಬ್ಬರೇ ಪಾಲಕ ಸಂತರು. ಆದರೆ ನಮ್ಮ ಕಥೋಲಿಕ ಮನೆಗಳಲ್ಲಿ ಈ ಇಬ್ಬರು ಲೂಕರಿಗೂ ಸಮಾನ ಗೌರವ ಸಲ್ಲುತ್ತಿದೆಯೇ? ಮಗುವು ವೈದ್ಯ ಲೂಕರ ದಾರಿ ಹಿಡಿದರೆ ಇಗರ್ಜಿಯಲ್ಲಿ ಕೃತಜ್ಞತಾ ಪೂಜೆ. ಚಿತ್ರಕಾರ ಲೂಕರ ದಾರಿ ಹಿಡಿದರೆ ಮನೆಯಲ್ಲಿ ಬಂಧುಗಳ ಸಭೆ.

ನಮ್ಮ ಸ್ವಂತ ವಿಷಯವನ್ನೇ ಹೇಳುವುದಾದರೆ, 1975ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸುವ ಹೊತ್ತಿಗೆ ನಾವು ಡ್ರಾಯಿಂಗಿನ ಲೋವರ್, ಹೈಯರ್ ಪರೀಕ್ಷೆಗಳೆರಡನ್ನೂ ಪಾಸು ಮಾಡಿದ್ದೆವು. ಡ್ರಾಯಿಂಗ್ ಮಾಸ್ತರರು ಮನೆಗೇ ಬಂದು, ಹುಡುಗನನ್ನು ಕಲಾಶಾಲೆಗೆ ಸೇರಿಸಿರೆಂದು ತಂದೆಯವರಲ್ಲಿ ವಿನಂತಿಸಿದರು. ತಂದೆಯವರು ಹಂಚಿನ ಕಾರ್ಖಾನೆಯ ಆವಿಗೆಯಲ್ಲಿ ದುಡಿಯುತ್ತಿದ್ದವರು, ಮಕ್ಕಳು ಐವರು. ಅವರು ಮಾಸ್ತರರಿಗೆ ಚಹಾ ಕೊಡಿಸಿ, ಬಣ್ಣದಿಂದ ಗಂಜಿ ಬೇಯುವುದಿಲ್ಲವೆಂದು ನಯವಾಗಿಯೇ ತಿಳಿಸಿ ಕಳುಹಿಸಿಕೊಟ್ಟರು. ನಾವು ವಾಣಿಜ್ಯಶಾಸ್ತ್ರ ಓದಿ ಬ್ಯಾಂಕನ್ನು ಸೇರಿದೆವು. ಕ್ಯಾಮೆಲ್ ಬಣ್ಣದ ಪೆಟ್ಟಿಗೆಯು ಅಟ್ಟವನ್ನು ಸೇರಿತು.

ಈ ಕಥೆಯನ್ನು ನಾವು ಎಷ್ಟೋ ವರ್ಷ ಊಟದ ಮೇಜಿನಲ್ಲಿ ಹೇಳಿದ್ದುಂಟು, ಹೇಳಿ ಮರುಕವನ್ನೂ ಗಳಿಸಿದ್ದುಂಟು. 2019ರಲ್ಲಿ ನಿವೃತ್ತರಾಗಿ, ಹೊಸ ಕುಂಚವೊಂದನ್ನು ಕೊಂಡು ತಂದ ದಿನ ಒಂದು ಲೆಕ್ಕ ಮಾತ್ರ ತಾನಾಗಿ ಕಣ್ಣಮುಂದೆ ನಿಂತಿತು. ತಂದೆಯವರು ತೀರಿಹೋದದ್ದು 1988ರಲ್ಲಿ. ಆ ಬಳಿಕದ 31 ವರ್ಷ ನಮ್ಮ ಕೈಯನ್ನು ಹಿಡಿದಿದ್ದವರು ಯಾರು? ಸಂಬಳವಿತ್ತು, ಭಾನುವಾರಗಳಿದ್ದವು, ಪೇಟೆಯಲ್ಲಿ ಕಾಗದವೂ ಸಿಗುತ್ತಿತ್ತು. ಬರೆಯಲು ಕುಳಿತರೆ ಚಿತ್ರ ಕೆಟ್ಟದಾಗಿ ಬರುತ್ತದೆಂಬ ಅಂಜಿಕೆಯೊಂದೇ ಅಡ್ಡವಾಗಿತ್ತು. ಬರೆಯದೆ ಇದ್ದವನು ಎಷ್ಟು ದೊಡ್ಡ ಕಲಾವಿದನಾಗಬಹುದಿತ್ತೆಂದು ಬೇಕಾದಷ್ಟು ಊಹಿಸಿಕೊಳ್ಳಬಹುದು. ಬರೆದವನಿಗೆ ಆ ಸೌಲಭ್ಯವಿಲ್ಲ.

ಮೊದಲ ಚಿತ್ರವು ಕೆಟ್ಟದಾಗಿಯೇ ಬಂತು. ಹದಿನಾರರ ಪ್ರಾಯದ ಕೈ ಅರುವತ್ತಕ್ಕೂ ಹಾಗೆಯೇ ಉಳಿದಿರುತ್ತದೆಂದು ನಂಬಿದ್ದು ನಮ್ಮ ಮೂಢತನ. ಹಿತೈಷಿಗಳು ಧೈರ್ಯ ತುಂಬಲು ದೊಡ್ಡವರ ದೃಷ್ಟಾಂತಗಳನ್ನು ತಂದರು. ರವೀಂದ್ರನಾಥ ಠಾಕೂರರು ಅರುವತ್ತು ದಾಟಿದ ಮೇಲೆ ಚಿತ್ರ ಬರೆಯತೊಡಗಿ 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನವನ್ನೇ ಏರ್ಪಡಿಸಲಿಲ್ಲವೇ? ಅಮೆರಿಕೆಯ ‘ಗ್ರ್ಯಾಂಡ್‌ಮಾ ಮೋಸೆಸ್’ ಎಂಬ ರೈತ ಮಹಿಳೆಯು ಗಂಟುನೋವಿನಿಂದ ಕಸೂತಿಯ ಸೂಜಿ ಹಿಡಿಯಲಾಗದೆ, ಎಪ್ಪತ್ತರ ಇಳಿಭಾಗದಲ್ಲಿ ಕುಂಚ ಹಿಡಿದು ಜಗತ್ಪ್ರಸಿದ್ಧಳಾಗಲಿಲ್ಲವೇ? ನಿಜ. ಆದರೆ ಇಂತಹ ದೃಷ್ಟಾಂತಗಳಿಂದ ನಮಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚೆಂದು ತೋರುತ್ತದೆ. ಠಾಕೂರರು ಠಾಕೂರರೇ. ಮುಪ್ಪಿನಲ್ಲಿ ಕುಂಚ ಹಿಡಿದವರೆಲ್ಲರೂ ಪ್ರಸಿದ್ಧರಾಗಬೇಕೆಂಬ ಹೊಸ ಹೊರೆ ಮಾತ್ರ ನಮ್ಮ ಹೆಗಲೇರುತ್ತದೆ. ಅವರಿಗಿಂತ ಚರ್ಚಿಲ್ಲರೇ ನಮಗೆ ಹೆಚ್ಚು ಹತ್ತಿರದವರು. 1915ರಲ್ಲಿ, ನಾಲ್ವತ್ತರ ಪ್ರಾಯದಲ್ಲಿ, ದಾರ್ದನೆಲ್ಸ್ ಕಾರ್ಯಾಚರಣೆಯ ಸೋಲಿನಿಂದ ಅಧಿಕಾರ ಕಳೆದುಕೊಂಡು ಮನಸ್ಸು ಕುಗ್ಗಿದ್ದಾಗ ಅವರು ಚಿತ್ರಕಲೆಗೆ ಕೈಹಾಕಿದರು. ಜೀವಮಾನದಲ್ಲಿ ಐನೂರಕ್ಕೂ ಹೆಚ್ಚು ಚಿತ್ರ ಬರೆದರು. ಹವ್ಯಾಸಿಯಾಗಿಯೇ ಉಳಿದರು, ಅದರಲ್ಲಿ ಕೀಳರಿಮೆ ಪಡಲಿಲ್ಲ.

ನಾವು ಆರಿಸಿಕೊಂಡ ವಿಷಯ ನಮ್ಮ ಮನೆಯ ಹಿಂಬದಿಯ ಹಂಚಿನ ಮಾಡು. ಕಾರಣವೇನೂ ಘನವಾದದ್ದಲ್ಲ: ಅಡುಗೆಮನೆಯ ಬಾಗಿಲಲ್ಲಿ ಕುಳಿತರೆ ಕಾಣುವುದು ಅದೊಂದೇ. ಮೊದಲ ಒಂದೂವರೆ ವರ್ಷ ಬೇರೇನನ್ನೂ ಬರೆಯಲಿಲ್ಲ. ಶ್ರೀಮತಿಯವರು, “ಬಣ್ಣ ಬಳಿಯುವುದೇ ಆದರೆ ಹಿತ್ತಿಲ ಬಾಗಿಲು ಕಾಯುತ್ತಿದೆ,” ಎಂದು ನೆನಪಿಸುತ್ತಿದ್ದರು. ಪ್ರತಿ ಹಾಳೆಯ ಹಿಂದೆ ದಿನಾಂಕ ಬರೆದಿಡುವ ಗುಮಾಸ್ತನ ಅಭ್ಯಾಸವೊಂದು ನಮ್ಮನ್ನು ಬಿಟ್ಟಿರಲಿಲ್ಲ. ಕಲಿಕೆಯಲ್ಲಿ ನಮಗೆ ಅತಿ ಹೆಚ್ಚು ನೆರವಾದದ್ದು ಅದೇ. ಮಾರ್ಚಿನ ಹಾಳೆಯನ್ನೂ ನವೆಂಬರಿನ ಹಾಳೆಯನ್ನೂ ಅಕ್ಕಪಕ್ಕ ಇಟ್ಟಾಗ, ಮುಂದೆ ಹೋಗಿದ್ದೇವೆಯೋ ಇಲ್ಲವೋ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುತ್ತಿರಲಿಲ್ಲ.

ಜಲವರ್ಣದಲ್ಲಿ ಬಿಳುಪು ಎಂಬುದು ಕಾಗದದ್ದೇ. ಬೆಳಕು ಬೀಳುವ ಕಡೆ ಬಣ್ಣ ಹಚ್ಚದೆ ಬಿಡಬೇಕು. ಒಮ್ಮೆ ಹಚ್ಚಿದ್ದನ್ನು ಪೂರ್ತಿ ಹಿಂದಕ್ಕೆ ತೆಗೆಯುವುದು ಕಷ್ಟ. ಇದು ಶಾಲೆಯಲ್ಲಿಯೇ ಕಲಿತ ಪಾಠ, ಆದರೂ ಕೈಗೆ ಬರಲು ತಿಂಗಳುಗಳು ಹಿಡಿದವು. ನೆರಳು ಕಪ್ಪಲ್ಲವೆಂಬುದು ಎರಡನೆಯ ಪಾಠ. ಕಣ್ಣನ್ನು ಅರೆಮುಚ್ಚಿ ನೋಡಿದರೆ ಬಣ್ಣಗಳ ಗದ್ದಲ ಅಡಗಿ ಎಲ್ಲಿ ಬೆಳಕು, ಎಲ್ಲಿ ನೆರಳು ಎಂಬುದಷ್ಟೇ ಉಳಿಯುತ್ತದೆ. ಹಂಚಿನ ಕೆಳಗಿನ ನೆರಳಿನಲ್ಲಿ ನೇರಳೆಯೂ ನೀಲಿಯೂ ಇರುವುದು ಆಮೇಲೆ ನಿಧಾನವಾಗಿ ಗೋಚರಿಸುತ್ತದೆ. ಅಂಗಡಿಯ ಹಸಿರು ಬಣ್ಣವನ್ನು ನೇರವಾಗಿ ಹಚ್ಚಿದರೆ ನಮ್ಮ ಕರಾವಳಿಯ ತೆಂಗು ಹಲಸುಗಳು ಪ್ಲಾಸ್ಟಿಕ್ಕಿನವುಗಳಂತೆ ಕಾಣುತ್ತವೆ. ಅದಕ್ಕೆ ತುಸು ಕೆಂಪುಮಿಶ್ರಿತ ಕಂದು ಬೆರೆಸಬೇಕು. ಬರೆದದ್ದನ್ನು ಕನ್ನಡಿಯಲ್ಲಿ ನೋಡಿದರೆ ಕಣ್ಣಿಗೆ ರೂಢಿಯಾಗಿ ಹೋದ ಓರೆಕೋರೆಗಳು ಒಮ್ಮೆಗೇ ಎದ್ದು ಕಾಣುತ್ತವೆ. ಮಳೆಗಾಲದಲ್ಲಿ ಮಾತ್ರ ಯಾವ ವಿದ್ಯೆಯೂ ನಡೆಯದು. ಬಣ್ಣ ಒಣಗಲು ಅರ್ಧ ದಿನ ಬೇಕು, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಜುಲೈ ತಿಂಗಳ ಹಾಳೆಗಳಲ್ಲಿ ಬಹುಪಾಲು ಬಚ್ಚಲ ಒಲೆಯ ಪಾಲಾದವು.

ಮೆಚ್ಚುಗೆಯಿಂದ ನಾವು ಏನನ್ನೂ ಕಲಿಯಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಬಂಧುಗಳು ಮೊಬೈಲಿನಲ್ಲಿ ಚಿತ್ರ ನೋಡಿ “ಚೆನ್ನಾಗಿದೆ” ಎಂದರು. ಇನ್ನು ಕೆಲವರು ಎಷ್ಟಕ್ಕೆ ಮಾರುತ್ತೀರೆಂದು ವಿಚಾರಿಸಿದರು. ಒಂದು ದಿನ ನೆರೆಮನೆಯ ಬಡಗಿಯು ಹಾಳೆಯನ್ನು ಎತ್ತಿ ನೋಡಿ, ತಲೆ ಕೆರೆದುಕೊಂಡು, “ಪೊರ್ಬುಲೇ, ಈ ಮಾಡಿನಲ್ಲಿ ನೀರು ನಿಲ್ಲುತ್ತದಲ್ಲ?” ಎಂದನು. ಇಳಿಜಾರು ತಪ್ಪಿತ್ತು. ಪಕ್ಕಾಸು ಎಲ್ಲಿ ಕೂರುತ್ತದೆ, ರೀಪಿನ ಅಂತರವೆಷ್ಟು ಎಂಬುದನ್ನು ತಿಳಿಯದೆ ನಾವು ಮೇಲಿನ ಕೆಂಪನ್ನಷ್ಟೇ ಬರೆದಿದ್ದೆವು. ಮಾರನೆಯ ದಿನ ಅವನನ್ನು ಕರೆದು, ಮಾಡನ್ನು ಒಳಗಿನಿಂದ ನೋಡಿ ತಿಳಿದುಕೊಂಡೆವು. ನಾಲ್ಕು ವರ್ಷಗಳಲ್ಲಿ ನಮಗೆ ದೊರೆತ ಅತ್ಯುತ್ತಮ ವಿಮರ್ಶೆ ಅದೇ.

ಹಂಚಿನ ಬಣ್ಣವನ್ನು ಹಿಡಿಯುವ ಪ್ರಯತ್ನದಲ್ಲಿ ಇನ್ನೊಂದು ಸಂಗತಿ ತಿಳಿಯಿತು. ನಮ್ಮ ಪೆಟ್ಟಿಗೆಯಲ್ಲಿ ಅದಕ್ಕೆ ಅತಿ ಸಮೀಪದ ಬಣ್ಣವೆಂದರೆ ‘ಬರ್ನ್ಟ್ ಸಿಯೆನ್ನಾ’. ಇಟಲಿಯ ಸಿಯೆನಾ ನಗರದ ಹೆಸರನ್ನು ಹೊತ್ತ ಹಳದಿ ಮಿಶ್ರಿತ ಮಣ್ಣನ್ನು ಸುಟ್ಟರೆ, ಅದರಲ್ಲಿರುವ ಕಬ್ಬಿಣದ ಅಂಶವು ನೀರನ್ನು ಕಳೆದುಕೊಂಡು ಕೆಂಪಾಗುತ್ತದೆ. ಅದೇ ಈ ಬಣ್ಣ. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದಂದಿನಿಂದ ನಮ್ಮೂರಿನ ಆವಿಗೆಗಳಲ್ಲಿ ನಡೆದದ್ದೂ ಇದಕ್ಕೆ ದೂರದ ಕೆಲಸವಲ್ಲ: ಮಣ್ಣಿನಲ್ಲಿದ್ದ ಕಬ್ಬಿಣವು ಬೆಂಕಿಯಲ್ಲಿ ಕೆಂಪು ತಾಳುವುದು. ಬಣ್ಣದಿಂದ ಗಂಜಿ ಬೇಯುವುದಿಲ್ಲವೆಂದ ತಂದೆಯವರು ಮೂವತ್ತು ವರ್ಷ ಮಣ್ಣಿಗೆ ಬಣ್ಣ ಬರಿಸಿಯೇ ನಮಗೆ ಗಂಜಿ ಬೇಯಿಸಿದ್ದರು. ಇದು ಅವರಿಗೂ ಹೊಳೆದಿರಲಾರದು, ನಮಗಂತೂ ಹೊಳೆದಿರಲಿಲ್ಲ.

ನಮ್ಮ ಸಮುದಾಯಕ್ಕೆ ಚಿತ್ರಕಲೆಯ ಬಗ್ಗೆ ಅಭಿಮಾನವಿಲ್ಲವೆಂದು ಯಾರೂ ಹೇಳಲಾರರು. ಮಂಗಳೂರಿಗೆ ಬಂದ ಯಾವ ಅತಿಥಿಯನ್ನು ನಾವು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ ಕರೆದೊಯ್ಯದೆ ಬಿಟ್ಟಿದ್ದೇವೆ? ಇಟಲಿಯ ಬೆರ್ಗಾಮೋ ಸಮೀಪದ ಸ್ತೆಜ್ಜಾನೋದಲ್ಲಿ 1854ರಲ್ಲಿ ಜನಿಸಿದ ಅಂತೋನಿಯೊ ಮೊಸ್ಕೇನಿ ಎಂಬ ಜೆಜ್ವಿತ್ ಸಹೋದರರು 19ನೇ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದು ಅದರ ಗೋಡೆ ಮುಚ್ಚಿಗೆಗಳನ್ನು ಚಿತ್ರಗಳಿಂದ ತುಂಬಿದರು. ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚುವ ವಿಧಾನವದು. ಗಾರೆ ಒಣಗುವಾಗ ಸುಣ್ಣವು ಗಾಳಿಯೊಡನೆ ಸೇರಿ ಕಲ್ಲಾಗುತ್ತದೆ, ಬಣ್ಣವನ್ನು ತನ್ನೊಳಗೆ ಹಿಡಿದಿಡುತ್ತದೆ. ಅಂದು ಮುಗಿಸುವಷ್ಟೇ ಜಾಗಕ್ಕೆ ಗಾರೆ ಬಳಿಯಬೇಕು; ತಪ್ಪಿದರೆ ಗಾರೆಯನ್ನೇ ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಮೊಸ್ಕೇನಿಯವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ನಮ್ಮ ಕಡಲ ಗಾಳಿಯಿಂದ ನೊಂದಿದ್ದ ಅವರ ಚಿತ್ರಗಳನ್ನು 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಸಂರಕ್ಷಿಸಿಕೊಟ್ಟರು.

ಆ ಮುಚ್ಚಿಗೆಯನ್ನು ಮಕ್ಕಳಿಗೆ ತೋರಿಸಿ ಹೆಮ್ಮೆಪಡುವ ನಾವೇ, ಮನೆಗೆ ಬಂದು ಅವರ ಡ್ರಾಯಿಂಗ್ ಪುಸ್ತಕವನ್ನು ಕಪಾಟಿನೊಳಗೆ ಇಟ್ಟು ಬೀಗ ಹಾಕುತ್ತೇವೆ. ಹತ್ತನೆಯ ತರಗತಿ ಬಂತೆಂದರೆ ಸಂಗೀತ, ನೃತ್ಯ, ಚಿತ್ರ ಎಲ್ಲಕ್ಕೂ ವಿರಾಮ, ಅನಂತರ ಪಿ.ಯು.ಸಿ., ಅನಂತರ ಕೋರ್ಸು, ಅನಂತರ ಗಲ್ಫ್, ಅನಂತರ ಮನೆ ಕಟ್ಟುವುದು. ವಾರಕ್ಕೆ ಎರಡು ಗಂಟೆ ಚಿತ್ರ ಬರೆದುದರಿಂದ ಅಂಕ ಕಳೆದುಕೊಂಡ ಮಗುವನ್ನು ನಾವಂತೂ ಕಂಡಿಲ್ಲ. ಮಕ್ಕಳೆಲ್ಲರೂ ಕಲಾವಿದರಾಗಬೇಕೆಂಬುದು ನಮ್ಮ ವಾದವಲ್ಲ; ತಂದೆಯವರ ಗಂಜಿಯ ಲೆಕ್ಕ ಸುಳ್ಳಾಗಿರಲಿಲ್ಲ. ಹೊಟ್ಟೆಪಾಡಿನ ದಾರಿ ಬೇರೆ ಇದ್ದ ಮಾತ್ರಕ್ಕೆ ಪೆಟ್ಟಿಗೆಯನ್ನು ಅಟ್ಟಕ್ಕೆ ಏಕೆ ಏರಿಸಬೇಕೆಂಬುದಷ್ಟೇ ನಮ್ಮ ಪ್ರಶ್ನೆ.

ನಿವೃತ್ತರ ಮಟ್ಟಿಗೂ ಒಂದು ಸಲಹೆಯಿದೆ. ನಮ್ಮ ಧರ್ಮಕೇಂದ್ರಗಳ ಸಭಾಭವನಗಳು ವಾರದ ಬಹುಪಾಲು ದಿನ ಮದುವೆಯ ಕುರ್ಚಿಗಳನ್ನು ಕಾಯುತ್ತಾ ಬಿದ್ದಿರುತ್ತವೆ. ವಾರಕ್ಕೊಂದು ಸಂಜೆ ಹಿರಿಯರಿಗೂ ಮಕ್ಕಳಿಗೂ ಒಟ್ಟಾಗಿ ಚಿತ್ರ ಬರೆಯಲು ಅದರ ಒಂದು ಮೂಲೆಯನ್ನು ಬಿಟ್ಟುಕೊಡಬಾರದೇ? ಸ್ಪರ್ಧೆ ಮಾತ್ರ ಬೇಡ. ಪ್ರಥಮ, ದ್ವಿತೀಯ, ಸಮಾಧಾನಕರ ಎಂದು ಸ್ಟೀಲಿನ ಪಾತ್ರೆ ಹಂಚಲು ಹೊರಟರೆ ಬರೆಯುವವರಿಗಿಂತ ತಕರಾರು ಮಾಡುವವರೇ ಹೆಚ್ಚಾಗುತ್ತಾರೆ. ಹಿರಿಯರು ತಮ್ಮ ಸಮಯವನ್ನು ಬಣ್ಣದಲ್ಲಿ ಕಳೆಯುವ ಬದಲು ಬಡವರ ಸೇವೆಗೆ ಕೊಡಬಾರದೇ ಎಂದು ಒಬ್ಬ ಮಿತ್ರರು ಕೇಳಿದರು. ಕೊಡಲೇಬೇಕು. ಆದರೆ ಬಣ್ಣಕ್ಕೆ ಹೋಗುವ ಗಂಟೆಯು ಬಡವರಿಂದ ಕಸಿದದ್ದಲ್ಲ, ಟಿ.ವಿ. ಧಾರಾವಾಹಿಯಿಂದ ಕಸಿದದ್ದು, ನಮ್ಮ ಮನೆಯಲ್ಲಂತೂ ಹಾಗೆಯೇ.

ಇನ್ನೊಂದು ಮಾತನ್ನು ಮುಚ್ಚಿಟ್ಟು ಈ ಲೇಖನವನ್ನು ಮುಗಿಸಿದರೆ ವಾಚಕರಿಗೆ ವಂಚಿಸಿದಂತಾಗುತ್ತದೆ. ನಮ್ಮ ಮಗಳೂ ಚಿತ್ರ ಬರೆಯುತ್ತಿದ್ದಳು. 2003ರಲ್ಲಿ ಅವಳು ಹತ್ತನೆಯ ತರಗತಿಗೆ ಬಂದಾಗ, ಶನಿವಾರದ ಚಿತ್ರಕಲಾ ತರಗತಿಯನ್ನು ಬಿಡಿಸಿ ಗಣಿತದ ಟ್ಯೂಷನ್ನಿಗೆ ಕಳುಹಿಸಿದವರು ನಾವೇ. ಅವಳು ಅಳಲಿಲ್ಲ, ವಾದಿಸಲೂ ಇಲ್ಲ. ಆದ್ದರಿಂದ ನಮಗೆ ಅದು ನೆನಪಿನಲ್ಲಿಯೂ ಉಳಿದಿರಲಿಲ್ಲ. ಈಗ ಕುವೈತಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದಾಳೆ. ನಮ್ಮ ಮಾಡಿನ ಚಿತ್ರವೊಂದನ್ನು ಕಳುಹಿಸಿದಾಗ ಅವಳು ಹೊಗಳಲಿಲ್ಲ. ರಾತ್ರಿ ಫೋನಿನಲ್ಲಿ, “ಪಪ್ಪಾ, ನನ್ನ ಬಣ್ಣದ ಪೆಟ್ಟಿಗೆ ಅಲ್ಲೇ ಇದೆಯಾ?” ಎಂದು ಮಾತ್ರ ಕೇಳಿದಳು.

ಇರಲಿಲ್ಲ. ಮನೆಯ ಅಟ್ಟವನ್ನು ತೆರವು ಮಾಡಿದ ವರ್ಷ ಗುಜರಿಯವನಿಗೆ ಕೊಟ್ಟ ಸಾಮಾನಿನಲ್ಲಿ ನಮ್ಮದೂ ಅವಳದೂ ಒಟ್ಟಿಗೇ ಹೋಗಿತ್ತು. ಹಾಗೆಂದು ಹೇಳಿದೆವು. ಕಳೆದ ತಿಂಗಳು ಊರಿಗೆ ಬಂದು ಹಿಂದಿರುಗುತ್ತಿದ್ದ ಪರಿಚಿತರೊಬ್ಬರ ಕೈಯಲ್ಲಿ, ಉಪ್ಪಿನಕಾಯಿಯ ಭರಣಿಯೊಂದಿಗೆ ಹನ್ನೆರಡು ಬಣ್ಣದ ಪೆಟ್ಟಿಗೆಯನ್ನೂ ಒಂದು ಸ್ಕೆಚ್ ಪುಸ್ತಕವನ್ನೂ ಕಳುಹಿಸಿದ್ದೇವೆ. ತಲುಪಿದೆಯಂತೆ. ಉಪ್ಪಿನಕಾಯಿ ಮುಗಿದಿದೆ, ಪೆಟ್ಟಿಗೆಯ ಹೊದಿಕೆಯನ್ನು ಇನ್ನೂ ತೆಗೆದಿಲ್ಲ, ರಾತ್ರಿಯ ಪಾಳಿ ನಡೆಯುತ್ತಿದೆಯೆಂದು ತಾಯಿಯಲ್ಲಿ ಹೇಳಿದ್ದಾಳೆ. ನಾವು ಮತ್ತೆ ವಿಚಾರಿಸಲು ಹೋಗಿಲ್ಲ.